ಫೋಟೋದ ಅಂಚಿನಲ್ಲಿ ನಿಂತ ಕುಳವಾಡಿ

1

ನಮ್ಮೂರಿನ ಬಗ್ಗೆ ಒಂದು ಸ್ಮರಣ ಸಂಚಿಕೆ ಇದೆ. ದೇವಸ್ಥಾನದ ಜೀರ್ಣೋದ್ಧಾರದ ಹೊತ್ತಿನಲ್ಲಿ ಊರಿನ ಹಿರಿಯರು ಸೇರಿ ಅಚ್ಚು ಹಾಕಿಸಿದ್ದು. ಅದರ ಮೊದಲ ಪುಟಗಳಲ್ಲೇ ಒಂದು ಹಳೆಯ ಫೋಟೋ ಇದೆ. ‘ನಮ್ಮೂರಿನ ಮಹನೀಯರು’ ಎಂಬ ತಲೆಬರಹ, ಕೆಳಗೆ ‘ಎಡದಿಂದ ಬಲಕ್ಕೆ’ ಅಂತ ಶುರುವಾಗಿ ಹದಿನಾಲ್ಕು ಹೆಸರು. ಪಟೇಲರು ಇದ್ದಾರೆ, ಶಾನುಭೋಗರು ಇದ್ದಾರೆ, ಕೊರಳಿಗೆ ಹಾರ ಹಾಕಿಸಿಕೊಂಡ ಅಧಿಕಾರಿಯೊಬ್ಬರು ಇದ್ದಾರೆ. ಈಗ ಅದೇ ಫೋಟೋ ಊರಿನ ಹುಡುಗರ ಮೊಬೈಲುಗಳಲ್ಲಿ ‘ನಮ್ಮೂರಿನ ಸುವರ್ಣಕಾಲ’ ಎಂಬ ಒಕ್ಕಣೆ ಹೊತ್ತು ಓಡಾಡುತ್ತಿದೆ.

ಈ ಫೋಟೋದ ಮೂಲ ಪ್ರತಿ ನನಗೆ ಸಿಕ್ಕಿದ್ದು ಆಕಸ್ಮಿಕವಾಗಿ. ನಮ್ಮೂರ ಶಾಲೆಯಲ್ಲಿ ಬಹಳ ಹಿಂದೆ ಮೇಷ್ಟ್ರಾಗಿದ್ದವರ ಮಗ ಪೇಟೆಯಲ್ಲಿ ಮನೆ ಖಾಲಿ ಮಾಡುವಾಗ, ‘ಟ್ರಂಕಿನಲ್ಲಿತ್ತು, ನಿಮ್ಮೂರಿದು, ನೀವೇ ಇಟ್ಕೊಳ್ಳಿ’ ಅಂತ ಕೊಟ್ಟರು. ದಪ್ಪ ರಟ್ಟಿನ ಮೇಲೆ ಅಂಟಿಸಿದ್ದು. ಮೂಲೆಯೊಂದನ್ನು ಗೆದ್ದಲು ತಿಂದಿದೆ. ಪುಸ್ತಕದಲ್ಲಿ ಎಷ್ಟೋ ಸಾರಿ ನೋಡಿದ್ದ ಫೋಟೋ ಅಂದುಕೊಂಡು ನೋಡಿದರೆ, ಅದೇ ಹೌದು, ಆದರೆ ಅಷ್ಟೇ ಅಲ್ಲ. ಮೂಲ ಪ್ರತಿಯ ಬಲತುದಿಯಲ್ಲಿ ಇನ್ನೊಬ್ಬ ಮನುಷ್ಯ ನಿಂತಿದ್ದಾನೆ. ಪೂರ್ತಿ ಇಲ್ಲ, ಅರ್ಧ. ಒಂದು ಭುಜ, ಭುಜದ ಮೇಲೆ ಕಂಬಳಿ, ಕೈಯಲ್ಲಿ ಆಳೆತ್ತರದ ಕೋಲು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ಬರಿಗಾಲು. ಕಾಲ ಬಳಿ ನೆಲದ ಮೇಲೆ ತಮಟೆ. ಮುಖ ಕ್ಯಾಮೆರಾ ಕಡೆಗಿಲ್ಲ, ಫೋಟೋದಿಂದ ಆಚೆಗೆ ತಿರುಗಿದೆ.

ಪುಸ್ತಕದಲ್ಲಿ ಅವನಿಲ್ಲ. ಅಚ್ಚಿಗೆ ಕೊಡುವಾಗ ಬಲಗಡೆಯಿಂದ ಬೆರಳಗಲ ಕತ್ತರಿಸಿದ್ದಾರೆ. ಬೇಕೆಂದು ಕತ್ತರಿಸಿದರೋ, ಪುಟದ ಅಳತೆಗೆ ಹೊಂದಲಿ ಅಂತ ಕತ್ತರಿಸಿದರೋ, ಆ ಜಗಳಕ್ಕೆ ನಾನು ಹೋಗುವುದಿಲ್ಲ. ಬಹುಶಃ ಅವರಿಗೂ ನೆನಪಿರಲಿಕ್ಕಿಲ್ಲ. ನನ್ನನ್ನು ಕಾಡಿದ್ದು ಬೇರೆ. ಕತ್ತರಿ ಎಲ್ಲಿ ಬೀಳಬೇಕು ಎಂದು ಯಾರೂ ಕೂತು ಯೋಚಿಸಬೇಕಾಗಿ ಬರಲಿಲ್ಲ. ಅದು ತನ್ನಷ್ಟಕ್ಕೆ ಕೇರಿಯ ಕಡೆಗೇ ಬಿತ್ತು. ಫೋಟೋ ತೆಗೆದವನು ಅರ್ಧ ಬಿಟ್ಟ, ಪುಸ್ತಕ ಮಾಡಿದವರು ಉಳಿದರ್ಧ ಬಿಟ್ಟರು. ಈ ಎರಡು ಕೆಲಸಗಳ ನಡುವೆ ಹತ್ತಾರು ವರ್ಷಗಳಿವೆ, ಒಂದು ಚಳವಳಿ ಇದೆ. ಆದರೂ ಕೈ ಹೋಗುವ ದಿಕ್ಕು ಬದಲಾಗಲಿಲ್ಲ.

ಸ್ಥಳೀಯ ಚರಿತ್ರೆ ಬರೆಯಬೇಕು, ಹಳೆಯ ಫೋಟೋ ಸಂಗ್ರಹಿಸಬೇಕು ಎಂಬ ಉತ್ಸಾಹ ಈಗ ನಮ್ಮ ಕಾಲೇಜುಗಳಲ್ಲೂ ಕಾಣುತ್ತಿದೆ. ಒಳ್ಳೆಯದೇ. ಆದರೆ ಊರಿನ ಹಳೆಯ ಫೋಟೋ ಎಂದರೆ ಊರಿನ ಕಿಟಕಿ, ತೆರೆದರೆ ಹಿಂದಿನ ಕಾಲ ಕಾಣುತ್ತದೆ ಅಂತ ನಂಬುವವರ ಜೊತೆ ನನಗೆ ತಕರಾರಿದೆ. ಫೋಟೋ ಕೂಡ ಒಂದು ಪಠ್ಯ. ಕತೆ ಕಾದಂಬರಿಯನ್ನು ಓದುವಷ್ಟೇ ಅನುಮಾನದಿಂದ ಅದನ್ನು ಓದಬೇಕು. ದಲಿತ ವಿಮರ್ಶೆ ಈವರೆಗೆ ಅಕ್ಷರದಲ್ಲಿರುವ ಊರನ್ನು ಪ್ರಶ್ನಿಸುತ್ತ ಬಂದಿದೆ. ನೆರಳು ಬೆಳಕಿನಲ್ಲಿರುವ ಊರನ್ನೂ ಪ್ರಶ್ನಿಸಬೇಕಾಗಿದೆ.

2

ಮೊದಲು ಕಾಲದ ಪ್ರಶ್ನೆ. ಫೋಟೋದ ಮೇಲೆ ತಾರೀಖಿಲ್ಲ. ಆದರೆ ಎರಡು ಗೂಟ ಸಿಗುತ್ತವೆ. ಹಿಂದಿನ ಕಟ್ಟಡದ ಬಾಗಿಲ ಮೇಲೆ ಬಟ್ಟೆ ಕಟ್ಟಿದ್ದಾರೆ. ಗಾಳಿಗೆ ಮಡಚಿಕೊಂಡಿರುವ ಆ ಬಟ್ಟೆಯಲ್ಲಿ ‘...ದಾಯ ಅಭಿವೃದ್ಧಿ’ ಎಂಬಷ್ಟು ಅಕ್ಷರ ಓದಬಹುದು. ಸಮುದಾಯ ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾದದ್ದು 1952ರ ಅಕ್ಟೋಬರ್ 2ರಂದು. ಅಲ್ಲಿಗೆ ಒಂದು ಗೂಟ. ರಟ್ಟಿನ ಹಿಂದೆ ಮೇಷ್ಟ್ರು ಆಗಲೇ ಬರೆದಿಟ್ಟ ಸಾಲಿನಲ್ಲಿ ಪಟೇಲರು, ಶಾನುಭೋಗರು ಎಂದಿದೆ. ವಂಶಪಾರಂಪರ್ಯದ ಈ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾಗಿ, ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕೆ. ಅಲ್ಲಿಗೆ ಇನ್ನೊಂದು ಗೂಟ. ಈ ಹತ್ತು ವರ್ಷಗಳ ನಡುವೆ ಎಲ್ಲೋ ಒಂದು ದಿನ ಬಿಸಿಲಲ್ಲಿ ಇವರೆಲ್ಲ ನಿಂತಿದ್ದರು. ಸಂವಿಧಾನ ಬಂದಾಗಿತ್ತು. ಅಸ್ಪೃಶ್ಯತೆ ಕಾಗದದ ಮೇಲೆ ರದ್ದಾಗಿತ್ತು. ಪಟೇಲಿಕೆ ಇನ್ನೂ ಇತ್ತು, ಕುಳವಾಡಿಕೆಯೂ ಇತ್ತು.

ಇನ್ನು ಸಾಲುಗಳನ್ನು ನೋಡಿ. ಮುಂದೆ ಕುರ್ಚಿ, ಕುರ್ಚಿಯಲ್ಲಿ ಕೋಟು ಪೇಟ. ಕುರ್ಚಿಯ ಹಿಂದೆ ರುಮಾಲು ಸುತ್ತಿದ ರೈತಾಪಿ ಯಜಮಾನರು ನಿಂತಿದ್ದಾರೆ. ಕುರ್ಚಿಯ ಮುಂದೆ ನೆಲದ ಮೇಲೆ ಶಾಲೆಯ ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಅಂಚಿನಲ್ಲಿ ಕೋಲು ಹಿಡಿದವನು. ಊರಿನ ನಕ್ಷೆಯನ್ನೇ ಯಾರೋ ಎತ್ತಿ ನಿಲ್ಲಿಸಿದ ಹಾಗಿದೆ. ನಡುವೆ ಗುಡಿ, ಸುತ್ತ ಮೇಲಿನವರ ಬೀದಿ, ಆಚೆಗೆ ಒಕ್ಕಲಗೇರಿ, ಅದರಾಚೆ ಬೇಲಿ, ಬೇಲಿಯಾಚೆ ನಾವು. ‘ಹೀಗೆ ನಿಂತುಕೊಳ್ಳಿ’ ಅಂತ ಫೋಟೋದವನು ಹೇಳಿಕೊಡಬೇಕಾಗಿರಲಿಲ್ಲ. ಎಲ್ಲಿ ನಿಲ್ಲಬೇಕೆಂದು ಎಲ್ಲರಿಗೂ ಹುಟ್ಟಿದಾಗಿನಿಂದ ಗೊತ್ತಿತ್ತು.

ನಡುಕುರ್ಚಿಯ ಅಧಿಕಾರಿಯ ಕೈಯಲ್ಲಿ ಒಂದು ಗುದ್ದಲಿ ಇದೆ. ಪ್ಯಾಂಟಿಗೆ ಒಂದು ಚೂರು ಮಣ್ಣು ಹತ್ತಿಲ್ಲ. ರಟ್ಟಿನ ಹಿಂದಿನ ಬರಹದ ಪ್ರಕಾರ ಅದು ‘ಗ್ರಾಮಸ್ಥರ ಶ್ರಮದಾನದಿಂದ’ ಕಟ್ಟಿದ ಶಾಲಾ ಕಟ್ಟಡದ ಉದ್ಘಾಟನೆ. ಶ್ರಮದಾನ ದೊಡ್ಡ ಮಾತು. ದಾನ ಮಾಡಬೇಕಾದರೆ ಅದು ನನ್ನದಾಗಿರಬೇಕು, ಕೊಡುವುದೂ ಬಿಡುವುದೂ ನನ್ನ ಇಷ್ಟವಾಗಿರಬೇಕು. ‘ಮನೆಗೊಂದಾಳು ಬರಬೇಕು’ ಅಂತ ತಮಟೆ ಹೊಡೆಸಿ ಕರೆದ ಮೇಲೆ ಕೇರಿಯವನು ಬರುವುದಿಲ್ಲ ಅನ್ನಲು ಸಾಧ್ಯವಿತ್ತೆ? ನಮ್ಮವರು ಅದಕ್ಕೆ ಮುಂಚೆಯೂ ಕರೆದಾಗ ಹೋಗಿ ದುಡಿದು ಬರುತ್ತಿದ್ದರು. ಆಗ ಅದರ ಹೆಸರು ಬಿಟ್ಟಿ ಚಾಕರಿ. ಸ್ವಾತಂತ್ರ್ಯ ಬಂದ ಮೇಲೆ ಅದೇ ಮಣ್ಣು, ಅದೇ ಮಂಕರಿ, ಅದೇ ತಲೆ. ಹೆಸರು ಮಾತ್ರ ಶ್ರಮದಾನ.

ಈ ಮಾತಿಗೆ ಫೋಟೋದಲ್ಲೇ ಸಾಕ್ಷಿ ಇದೆ. ಕಟ್ಟಡದ ಪಕ್ಕದ ಮಣ್ಣಗುಡ್ಡೆಯ ಹಿಂದೆ, ತಲೆಯ ಮೇಲೆ ಮಂಕರಿ ಹೊತ್ತ ಇಬ್ಬರು ಹೆಂಗಸರು ಹೋಗುತ್ತಿದ್ದಾರೆ. ಉದ್ಘಾಟನೆಯ ದಿನವೂ ಅವರ ಕೆಲಸ ಮುಗಿದಿರಲಿಲ್ಲ. ಅವರ ಮುಖ ಕಾಣುವುದಿಲ್ಲ, ಹೊಗೆಯ ಹಾಗೆ ಮಬ್ಬಾಗಿವೆ. ಅಂಥ ಕ್ಯಾಮೆರಾಗಳಿಗೆ ಅಲುಗಾಡದೆ ನಿಂತವರು ಬೇಕು. ಕೂತವರು ಸ್ಪಷ್ಟವಾಗಿ ಮೂಡುತ್ತಾರೆ, ಕೆಲಸ ಮಾಡುತ್ತಿರುವವರು ಮಬ್ಬಾಗುತ್ತಾರೆ. ಯಂತ್ರಕ್ಕೆ ಜಾತಿಯಿಲ್ಲ ನಿಜ. ಆದರೆ ಯಾರಿಗೆ ಕೂರುವ ಬಿಡುವಿದೆಯೋ ಅವರನ್ನೇ ಅದು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ.

3

ನಮ್ಮ ಜನ ಕ್ಯಾಮೆರಾದ ಮುಂದೆ ನಿಂತದ್ದು ಇದೇ ಮೊದಲಲ್ಲ. ಬ್ರಿಟಿಷರು 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಭಾರತದ ಜನಗಳ ಫೋಟೋಗಳನ್ನು ಪ್ರಕಟಿಸಿದರು. 1857ರ ದಂಗೆಯ ಪೆಟ್ಟು ತಿಂದ ಸರ್ಕಾರಕ್ಕೆ ತಾನು ಆಳುತ್ತಿರುವವರು ಯಾರು ಯಾರು ಎಂದು ಗುರುತು ಹಿಡಿಯಬೇಕಾಗಿತ್ತು. ಆಮೇಲೆ ಮದರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ದಕ್ಷಿಣದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದರು, 1909ರಲ್ಲಿ. ಅವರು ಮೂಗು ಅಳೆದರು, ತಲೆ ಅಳೆದರು, ಫೋಟೋ ಹಾಕಿದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಎಚ್.ವಿ. ನಂಜುಂಡಯ್ಯನವರು ಶುರುಮಾಡಿದ ಕೆಲಸವನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ 1928ರಿಂದ 1935ರೊಳಗೆ ನಾಲ್ಕು ಸಂಪುಟಗಳಾಗಿ ಹೊರತಂದರು. ಅಲ್ಲೂ ಫೋಟೋಗಳಿವೆ.

ಇಂಥ ಸಂಪುಟಗಳಲ್ಲಿ ನಮ್ಮವರ ಫೋಟೋ ನೋಡುವಾಗ ಕಾಣುವ ರೂಢಿ ಇದು. ಫೋಟೋದ ಕೆಳಗೆ ಜಾತಿ ಇರುತ್ತದೆ, ಮನುಷ್ಯನ ಹೆಸರಿರುವುದಿಲ್ಲ. ಅವನು ಒಂದು ಮಾದರಿ. ಸಂತೆಯಲ್ಲಿ ರಾಗಿಯ ಮಾದರಿ ತೋರಿಸಿದ ಹಾಗೆ. ಊರಿನ ಸ್ಮರಣ ಸಂಚಿಕೆಗೆ ಬಂದರೆ ಮಹನೀಯರಿಗೆ ಹೆಸರಿದೆ, ಹುದ್ದೆ ಇದೆ. ಜಾತಿಯನ್ನು ಬರೆದಿಲ್ಲ, ಬರೆಯುವ ಅಗತ್ಯವಿಲ್ಲ. ಅಂಚಿನವನಿಗೆ ಹೆಸರೂ ಇಲ್ಲ, ಜಾತಿಯೂ ಇಲ್ಲ, ಕೊನೆಗೆ ಅವನೇ ಇಲ್ಲ. ದೊರೆಗಳ ಕಾಲದಲ್ಲಿ ನಾವು ಬರೀ ಜಾತಿಯಾಗಿದ್ದೆವು. ನಮ್ಮವರೇ ಬರೆದ ನಮ್ಮೂರ ಚರಿತ್ರೆಯಲ್ಲಿ ಅಷ್ಟೂ ಆಗಲಿಲ್ಲ. ಪರಕೀಯರ ನೋಟವನ್ನು ಬೈದು ‘ದೇಶೀ’ ನೋಟವನ್ನು ಹೊಗಳುವ ಗೆಳೆಯರು ಈ ಲೆಕ್ಕವನ್ನೂ ಸ್ವಲ್ಪ ಹಾಕಬೇಕು.

ಕನ್ನಡ ಸಾಹಿತ್ಯಕ್ಕೂ ಹಳ್ಳಿಯ ಚಿತ್ರಗಳೆಂದರೆ ಪ್ರೀತಿ. ಗೊರೂರರ ಒಂದು ಪುಸ್ತಕದ ಹೆಸರೇ ‘ಹಳ್ಳಿಯ ಚಿತ್ರಗಳು’. ಆ ಬರವಣಿಗೆಯ ನಗು, ಜೀವನಪ್ರೀತಿ ದೊಡ್ಡದೇ. ಅಲ್ಲಗಳೆಯುವ ಮನಸ್ಸು ನನಗಿಲ್ಲ. ಆದರೆ ನವೋದಯದ ಹಳ್ಳಿ ಬಹುಪಾಲು ಜಗಲಿಯ ಮೇಲೆ ಕೂತವರಿಗೆ ಕಂಡ ಹಳ್ಳಿ. ಜಗಲಿಯಿಂದ ಬೀದಿ ಕಾಣುತ್ತದೆ, ಬೀದಿಯಲ್ಲಿ ಹೋಗುವ ಕೇರಿಯವನೂ ಕಾಣುತ್ತಾನೆ, ಕೇರಿ ಕಾಣುವುದಿಲ್ಲ. ದೇವನೂರ ಮಹಾದೇವರ ‘ಒಡಲಾಳ’ 1978ರಲ್ಲಿ ಬಂದಾಗ ಆದದ್ದು ಇದು: ನೋಡುವವರು ಕೂತ ಜಾಗವೇ ಬದಲಾಯಿತು. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕತೆಗೆ ‘ಊರುಕೇರಿ’ ಅಂತ ಹೆಸರಿಟ್ಟರು. ಊರನ್ನೂ ಕೇರಿಯನ್ನೂ ಒಂದೇ ಚೌಕಟ್ಟಿನೊಳಗೆ ತಂದು ನಿಲ್ಲಿಸುವ ಹೆಸರು ಅದು. ನಮ್ಮೂರ ಫೋಟೋದವನಿಂದ ಆಗದೆ ಹೋದದ್ದು ಅದೇ.

4

ಇಲ್ಲಿ ಎಂ.ಎನ್. ಶ್ರೀನಿವಾಸರ ಮಾತು ಎತ್ತಲೇಬೇಕು. ಅವರು 1948ರಲ್ಲಿ ಮೈಸೂರು ಬಳಿಯ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. ಅವರ ಬಿಡಾರ ಊರಿನ ಯಜಮಾನರ ಎತ್ತಿನ ಮನೆಯಲ್ಲಿ. ಅವರ ಕೈಯಲ್ಲಿ ಕ್ಯಾಮೆರಾ ಇತ್ತು. ಊರಿನವರ ಬಾಯಲ್ಲಿ ಕ್ಯಾಮೆರಾ ‘ಚಾಮರ’ ಆಗಿಹೋಯಿತೆಂದು ಅವರೇ ಬರೆದುಕೊಂಡಿದ್ದಾರೆ. ಓದುವಾಗ ನಗು ಬರುತ್ತದೆ. ಆದರೆ ಚಾಮರ ಬೀಸುವುದು ಯಾರಿಗೆ? ದೇವರಿಗೆ, ದೊರೆಗೆ. ನಾಲಿಗೆ ತಪ್ಪಿ ಬಂದ ಮಾತಿನಲ್ಲಿ ಕ್ಯಾಮೆರಾ ಹಳ್ಳಿಯಲ್ಲಿ ಮಾಡುವ ಕೆಲಸವೇನು ಎಂಬುದು ಸರಿಯಾಗಿಯೇ ಬಂದುಬಿಟ್ಟಿದೆ.

1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಶ್ರೀನಿವಾಸರ ಕೋಣೆಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟವು. ನೆನಪನ್ನೇ ನೆಚ್ಚಿ ಅವರು ಬರೆದ ಪುಸ್ತಕ 1976ರಲ್ಲಿ ಬಂತು. ಕನ್ನಡದಲ್ಲಿ ಅದು ‘ನೆನಪಿನ ಹಳ್ಳಿ’. ಜಗತ್ತು ಅದನ್ನು ಸಮಾಜಶಾಸ್ತ್ರವೆಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಸರಿಯಾಗೇ ಇದೆ. ನನ್ನ ಪ್ರಶ್ನೆ ಒಂದೇ. ವಿದ್ವಾಂಸರ ನೆನಪು ಶಾಸ್ತ್ರವಾಗುವುದಾದರೆ ಕೇರಿಯ ಮುದುಕಿಯ ನೆನಪಿಗೆ ಮಾತ್ರ ‘ದಾಖಲೆ ಎಲ್ಲಿದೆ?’ ಅಂತ ಯಾಕೆ ಕೇಳುತ್ತೀರಿ? ಅವಳ ಟಿಪ್ಪಣಿಗಳಿಗೆ ಬೆಂಕಿ ಬೀಳಲಿಲ್ಲ, ನಿಜ. ಬರೆದಿಡಲು ಅವಳಿಗೆ ಅಕ್ಷರವನ್ನೇ ಕೊಟ್ಟಿರಲಿಲ್ಲ.

ಶ್ರೀನಿವಾಸರು ಕೊಡಗಹಳ್ಳಿಗೆ ಹೋದ ಅದೇ 1948ರ ನವೆಂಬರ್ 4ರಂದು ಬಾಬಾಸಾಹೇಬರು ದೆಹಲಿಯಲ್ಲಿ ಸಂವಿಧಾನದ ಕರಡನ್ನು ಸಭೆಯ ಮುಂದಿಡುತ್ತ ಹಳ್ಳಿಯ ಬಗ್ಗೆ ಮಾತಾಡಿದರು. ಹಳ್ಳಿಗಳು ಪುಟ್ಟ ಗಣರಾಜ್ಯಗಳು ಎಂದು ಹೊಗಳುವವರನ್ನು ಅವರು ಒಪ್ಪಲಿಲ್ಲ. ಹಳ್ಳಿಯೆಂದರೆ ಸಂಕುಚಿತತೆಯ, ಅಜ್ಞಾನದ, ಜಾತಿಕೋಮುಗಳ ಗೂಡು ಎಂದರು. ಸಂವಿಧಾನದ ಘಟಕ ಹಳ್ಳಿಯಲ್ಲ, ವ್ಯಕ್ತಿ ಎಂಬುದನ್ನು ಅವರು ಸಂತೋಷದಿಂದ ಹೇಳಿಕೊಂಡರು. ಈ ಮಾತನ್ನು ಕೈಯಲ್ಲಿ ಹಿಡಿದು ನಮ್ಮೂರ ಫೋಟೋ ನೋಡಿದರೆ, ಅದು ‘ಗ್ರಾಮಸ್ಥರು’ ಎಂಬ ಒಂದು ಮುದ್ದೆಯ ಫೋಟೋ ಆಗಿ ಉಳಿಯುವುದಿಲ್ಲ. ಒಬ್ಬೊಬ್ಬ ವ್ಯಕ್ತಿಯೂ ಯಾಕೆ ಅಲ್ಲೇ ನಿಂತಿದ್ದಾನೆ ಎಂದು ಕೇಳಬೇಕಾಗುತ್ತದೆ.

5

ಫೋಟೋ ತಗೊಂಡು ಕೇರಿಗೆ ಹೋದೆ. ನನ್ನ ಕೇರಿಯೇ. ಅಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾಳೆ. ಫೋಟೋ ತೆಗೆದ ಕಾಲಕ್ಕೆ ಹತ್ತು ಹನ್ನೊಂದರ ಹುಡುಗಿ. ಚಾಪೆ ಹಾಕಿ ಕೂರಿಸಿದಳು. ಫೋಟೋ ಇಸಕೊಂಡು ಕಣ್ಣಿನ ಹತ್ತಿರ ಹಿಡಿದು, ‘ಇದೇನ್ ಮಗಾ, ಬರೀ ಕುರ್ಚಿಗಳೇ ಕಾಣ್ತವೆ’ ಅಂದಳು.

‘ಈ ಕಡೆ ನೋಡಜ್ಜಿ, ಕಂಬಳಿ ಹೊದ್ದಿರೋನು.’

‘ಅಯ್ಯೋ, ನಮ್ ದೊಡ್ಡಯ್ಯ ಕಣ್ ಮಗ! ಆ ಕೋಲ್ ನೋಡು, ಅದೇಯ.’

ನಾನು ಆಗಲೇ ಒಂದು ಓದು ಮಾಡಿಕೊಂಡು ಹೋಗಿದ್ದೆ. ಮುಖ ಆಚೆಗೆ ತಿರುಗಿರುವುದು ಅವಮಾನದ ಗುರುತು, ಯಜಮಾನಿಕೆಯ ಕಣ್ಣನ್ನು ಎದುರಿಸಲಾರದೆ ಅವನು ಮುಖ ಮರೆಸಿಕೊಂಡಿದ್ದಾನೆ ಅಂತ. ಆ ವಾಕ್ಯವನ್ನು ಬರೆದೂ ಇಟ್ಟಿದ್ದೆ. ‘ಭಯಕ್ಕೆ ಮುಖ ತಿರುಗಿಸ್ಕಂಡಿದ್ನಾ ಅಜ್ಜಿ?’ ಅಂತ ಕೇಳಿದೆ. ಅಜ್ಜಿ ನಕ್ಕಳು.

‘ಭಯ್ವಾ? ಅವ್ನಿಗಾ? ನಮ್ಮನ್ನ ಕರೀತಾವ್ನೆ ಕಣ್ಲಾ. ಬನ್ರವ್ವಾ, ಬನ್ರೋ, ನೀವೂ ನಿಂತ್ಕಳಿ ಅಂತ. ನಾವೆಲ್ಲಾ ಇಲ್ಲೇ ಇದ್ವು’ ಅಂದು, ಬೆರಳನ್ನು ಫೋಟೋದ ಅಂಚು ದಾಟಿಸಿ ಚಾಪೆಯ ಮೇಲಿಟ್ಟಳು. ‘ಇಲ್ಲಿ. ಆರೇಳು ಐಕ್ಳು. ಹೋಗಾಕೆ ಆಸೆ, ಆದ್ರೆ ಯಾರ್ ಬಿಟ್ಟಾರು?’

ಆ ಬೆರಳು ಚಾಪೆಯ ಮೇಲೆ ಇದ್ದಷ್ಟು ಹೊತ್ತು ನನಗೆ ಮಾತು ಹೊರಡಲಿಲ್ಲ. ಫೋಟೋದಲ್ಲಿ ಏನಿದೆ ಎಂದು ಓದುವುದನ್ನು ವಿಶ್ವವಿದ್ಯಾಲಯ ಕಲಿಸಿತ್ತು. ಫೋಟೋ ಮುಗಿದ ಮೇಲೆ ಎಲ್ಲಿ ಬೆರಳಿಡಬೇಕು ಎಂದು ಕಲಿಸಿರಲಿಲ್ಲ.

ಪಕ್ಕದ ಮನೆಯ ತಾತ ಒಪ್ಪಲಿಲ್ಲ. ‘ಕರೀತಾನೂ ಇರ್ನಿಲ್ಲ, ಏನೂ ಇರ್ನಿಲ್ಲ. ಫೋಟೋದವ್ನು ಸರ್ಕೋ ಸರ್ಕೋ ಅಂದ. ಎಷ್ಟು ಅಂತ ಸರಿಯಾದು? ಇನ್ನೆಷ್ಟು ಜಾಗ ಅದೆ ಅಂತ ಅತ್ತಾಗ್ ತಿರುಗಿ ನೋಡ್ದ. ಅಷ್ಟೊತ್ತಿಗೆ ಫೋಟೋ ಹೊಡ್ದ.’ ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದರು. ಯಾರೂ ಸೋಲಲಿಲ್ಲ.

ನಾನೀಗ ಎರಡನ್ನೂ ಇಟ್ಟುಕೊಂಡಿದ್ದೇನೆ. ಅವನು ನಮ್ಮವರನ್ನು ಕರೆಯುತ್ತಿದ್ದ ಎಂಬುದು ಒಂದು ಚರಿತ್ರೆ. ಅವನನ್ನು ಆಚೆಗೆ ಸರಿಸುತ್ತಿದ್ದರು ಎಂಬುದು ಇನ್ನೊಂದು ಚರಿತ್ರೆ. ಯಾವುದು ನಿಜ ಎಂದು ತೀರ್ಪು ಕೊಡುವ ಆತುರ ನನಗಿಲ್ಲ. ಆದರೆ ನಾನು ಬರೆದಿಟ್ಟ ವಾಕ್ಯ, ಅವಮಾನದಿಂದ ಮುಖ ಮರೆಸಿಕೊಂಡವನು ಎಂಬುದು, ಇಬ್ಬರ ಮಾತಿನಲ್ಲೂ ಇರಲಿಲ್ಲ. ಅದನ್ನು ಹೊಡೆದು ಹಾಕಿದೆ. ದಲಿತ ವಿಮರ್ಶೆಗೆ ಇದೊಂದು ಕಾಯಿಲೆ ಅಂಟುತ್ತಿದೆಯೇನೋ ಎಂಬ ಅನುಮಾನ ನನಗಿದೆ. ನಮ್ಮ ಹಿರಿಯರನ್ನು ನೋಡಿದಲ್ಲೆಲ್ಲ ಬರೀ ಅವಮಾನವನ್ನೇ ಹುಡುಕುತ್ತೇವೆ. ಅವಮಾನ ಇತ್ತು. ಅದರ ಜೊತೆಗೆ ಅವರಿಗೆ ಬೇರೆ ಕೆಲಸಗಳೂ ಇದ್ದವು.

6

ಆ ಕೋಲಿನ ಮಾತಿಗೆ ಬರುತ್ತೇನೆ. ಅದು ಕುಳವಾಡಿಯ ಕೋಲು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುಳವಾಡಿ ಹೊಲೆಯರವನು. ಕಂದಾಯಕ್ಕೆ ಕರೆಯುವುದು, ಸುದ್ದಿ ಮುಟ್ಟಿಸುವುದು, ಸರ್ಕಾರದವರು ಬಂದರೆ ಹಿಂದೆ ಮುಂದೆ ಓಡಾಡುವುದು, ಕಣ ಕಾಯುವುದು, ಇವೆಲ್ಲ ಅವನ ಮೈಮೇಲೆ. ಕಣದಲ್ಲಿ ಆಯ ಕೊಡುತ್ತಿದ್ದರು, ಕೊಟ್ಟಷ್ಟು. ಆದರೆ ಇನ್ನೊಂದು ಕೆಲಸವಿತ್ತು. ಊರಿನ ಗಡಿಯ ವ್ಯಾಜ್ಯ ಬಂದರೆ ಅವನ ಮಾತೇ ಕೊನೆ. ಮೈಸೂರಿನಲ್ಲಿ ಅಧಿಕಾರಿಯಾಗಿದ್ದ ಮೆಕೆಂಜಿ 1873ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಊರಿನ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಕುಳವಾಡಿ ಗಡಿಯ ಮೇಲೆ ನಡೆಯಬೇಕು. ಸರಿಯಾಗಿ ನಡೆದರೆ ಉಂಡೆ ಉಳಿಯುತ್ತದೆ. ಗಡಿ ತಪ್ಪಿದರೆ ಉಂಡೆ ತಾನಾಗಿ ಒಡೆಯುತ್ತದೆ, ಅವನು ಹದಿನೈದು ದಿನದೊಳಗೆ ಸಾಯುತ್ತಾನೆ, ಮನೆ ಹಾಳಾಗುತ್ತದೆ ಎಂಬ ನಂಬಿಕೆ.

ಇದನ್ನು ಓದಿ ಹೆಮ್ಮೆಪಡುವವರಿದ್ದಾರೆ, ಈ ನೆಲದ ಮೊದಲ ಒಡೆಯರು ನಾವೇ ಎಂದು. ಆ ಮಾತಿನಲ್ಲಿ ಸತ್ಯದ ಎಳೆ ಇರಬಹುದು. ಆದರೆ ಇನ್ನೊಂದು ಮುಖವನ್ನೂ ನೋಡಿ. ಗಡಿ ಹೇಳುವವನು ಗಡಿಯೊಳಗೆ ವಾಸ ಮಾಡುವ ಹಾಗಿಲ್ಲ. ಅವರ ಹೊಲಗಳ ವ್ಯಾಜ್ಯಕ್ಕೆ ಇವನ ಜೀವ ಒತ್ತೆ. ಊರಿನ ಅಳತೆಯೆಲ್ಲ ಇವನ ಕಾಲಿಗೆ ಗೊತ್ತು, ಅದರಲ್ಲಿ ಇವನ ಪಾಲು ಒಂದು ತುಂಡು ಮಾನ್ಯ. ಇಂಥವನು ಫೋಟೋದ ಗಡಿಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದಾನೆ. ಅವನ ಜೀವಮಾನವೆಲ್ಲ ನಿಂತದ್ದೇ ಅಲ್ಲಿ.

ಅಜ್ಜಿ ಇನ್ನೊಂದು ಮಾತು ಹೇಳಿದಳು, ನಾನು ಕೇಳದೆ. ‘ಆ ಇಸ್ಕೂಲು ಎದ್ದಿರೋದೇ ನಮ್ ಮಾನ್ಯದಾಗೆ. ಮಕ್ಕಳು ಓದ್ತವೆ ಬಿಡಿ ಅಂದ ದೊಡ್ಡಯ್ಯ. ನಮ್ ಐಕ್ಳು ಮಾತ್ರ ಜಗಲಿ ಮೇಲೆ ಕೂತ್ಕಂಡು ಓದ್ದೋ.’ ಅದುವರೆಗೆ ನಾನು ಫೋಟೋದಲ್ಲಿ ಜನರನ್ನು ನೋಡುತ್ತಿದ್ದೆ, ಅವರ ಕಾಲ ಕೆಳಗಿನ ನೆಲವನ್ನು ನೋಡಿರಲಿಲ್ಲ. ಕುರ್ಚಿಗಳನ್ನು ಹಾಕಿದ್ದು ಯಾರ ನೆಲದ ಮೇಲೆ? ಸ್ಮರಣ ಸಂಚಿಕೆ ಆ ಶಾಲೆಯ ಜಾಗ ‘ಗ್ರಾಮಸ್ಥರ ಕೊಡುಗೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದೆ. ಅಜ್ಜಿಯ ಮಾತನ್ನು ಕಾಗದದ ಜೊತೆ ಇಟ್ಟು ನೋಡುವ ಕೆಲಸ ಬಾಕಿ ಇದೆ. ನಮ್ಮ ಹುಡುಗರು ಇನಾಂ ಕಡತ, ಸರ್ವೆ ಕಾಗದಗಳಿಗೆ ಅರ್ಜಿ ಹಾಕಿದ್ದಾರೆ.

ಇದು ಬರೀ ನಮ್ಮೂರ ಮಾತಲ್ಲ. 1963ರಲ್ಲಿ ಗ್ರಾಮ ಹುದ್ದೆಗಳು ಹೋದಾಗ ಬಿಟ್ಟಿಯ ಹಗ್ಗ ಬಿಚ್ಚಿತು, ಅದು ದೊಡ್ಡ ಬಿಡುಗಡೆ. ಹುದ್ದೆಗೆ ಸೇರಿದ ಇನಾಂ ಜಮೀನನ್ನು ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡಬೇಕೆಂದು ಕಾಯ್ದೆ ಹೇಳಿತು. ಆದರೆ ಅರ್ಜಿ ಹಾಕಬೇಕು, ಹಣ ಕಟ್ಟಬೇಕು, ಕಚೇರಿ ಸುತ್ತಬೇಕು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಪರಭಾರೆಯಿಂದ ಕಾಪಾಡಲು 1978ರಲ್ಲಿ ಬಂದ ಕಾಯ್ದೆಯನ್ನು ನಾವೆಲ್ಲ ಬಲ್ಲೆವು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ವಂಶಪಾರಂಪರ್ಯ ಹುದ್ದೆಗಳ ಜಮೀನನ್ನು ಹೊರಗಿಟ್ಟಿದ್ದಾರೆ ಎಂಬುದನ್ನು ಎಷ್ಟು ಜನ ಗಮನಿಸಿದ್ದೇವೆ? ಕುಳವಾಡಿ, ತೋಟಿಗಳ ಮಾನ್ಯಕ್ಕೆ 1961ರ ಕಾಯ್ದೆಯೇ ಗತಿ. ಅಂದರೆ ಕುಳವಾಡಿ ಅಲ್ಲೂ ಗಡಿಯಾಚೆಗೇ ನಿಂತ. ಇಂಥ ಕಡೆ ಒಂದು ಹಳೆಯ ಫೋಟೋ, ಒಬ್ಬ ಅಜ್ಜಿಯ ಮಾತು ಬರೀ ನೆನಪಿನ ಸಾಮಾನಲ್ಲ. ಯಾವ ಕಡತವನ್ನು ತೆಗೆಸಿ ನೋಡಬೇಕು ಎಂದು ತೋರಿಸುವ ಬೆರಳು ಅದು.

7

ಕೇರಿಯ ಮನೆಗಳ ಗೋಡೆಯ ಮೇಲೆ ಯಾವ ಫೋಟೋ ಇದೆ ಎಂದೂ ಕೇಳಿಕೊಳ್ಳಬೇಕು. ಬಹಳ ಮನೆಗಳಲ್ಲಿ ಅಜ್ಜ, ಮುತ್ತಜ್ಜರ ಫೋಟೋ ಇಲ್ಲ. ತೆಗೆಸಲು ದುಡ್ಡಿರಲಿಲ್ಲ, ತೆಗೆಯುವವರು ಕೇರಿಗೆ ಬರಲಿಲ್ಲ. ಇರುವುದು ಬಾಬಾಸಾಹೇಬರ ಫೋಟೋ. ಸೂಟು, ಕನ್ನಡಕ, ಕೈಯಲ್ಲಿ ಪುಸ್ತಕ, ಕಣ್ಣು ನೇರ ನಮ್ಮ ಕಡೆಗೆ. ವಂಶದ ಫೋಟೋ ಇಲ್ಲದ ಮನೆಗಳು ಒಬ್ಬ ಮನುಷ್ಯನನ್ನು ತಮ್ಮ ಹಿರಿಯನನ್ನಾಗಿ ಆರಿಸಿಕೊಂಡವು. ಅಂಚಿನಲ್ಲಿ ಅರ್ಧ ನಿಂತವನ ಮಕ್ಕಳು ಪೂರ್ತಿ ನಿಂತವನೊಬ್ಬನನ್ನು ಗೋಡೆಯ ಮೇಲೆ ತಂದಿಟ್ಟುಕೊಂಡರು. ಇದನ್ನು ವ್ಯಕ್ತಿಪೂಜೆ ಎಂದು ಸಲೀಸಾಗಿ ಟೀಕಿಸುವವರು ತಮ್ಮ ಮನೆಯ ಆಲ್ಬಮ್ಮುಗಳನ್ನು ಒಮ್ಮೆ ತಿರುವಿ ಹಾಕಲಿ.

ನನ್ನ ಸ್ವಂತ ಅಜ್ಜಿಯ ಒಂದೇ ಒಂದು ಫೋಟೋ ಇರುವುದು ಮತದಾರರ ಗುರುತಿನ ಚೀಟಿಯಲ್ಲಿ. 1993ರಲ್ಲಿ ಶುರುವಾದ ಆ ಚೀಟಿಯ ಯೋಜನೆ ನಮ್ಮೂರಿಗೆ ಬಂದಾಗ ತೆಗೆದದ್ದು. ಹೆದರಿದ ಕಣ್ಣು, ತಲೆಯ ಮೇಲೆ ಸೆರಗು. ಸತ್ತ ಮೇಲೆ ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದೇವೆ. ಊರು ಅವಳ ಫೋಟೋ ತೆಗೆಯಲಿಲ್ಲ, ಓಟು ತೆಗೆಸಿತು. ಚೀಟಿಯಲ್ಲಿ ಅವಳ ಹೆಸರೂ ಇದೆ, ತಪ್ಪಾಗಿ ಬರೆದಿದ್ದರೂ.

ಊರಿನ ಚರಿತ್ರೆ ಹುಡುಕಲು ಹೊರಟ ಗೆಳೆಯರಿಗೆ ನನ್ನ ಅನುಭವದ ನಾಲ್ಕು ಮಾತು. ಅಚ್ಚಾದ ಫೋಟೋ ನಂಬಬೇಡಿ, ಮೂಲ ಪ್ರತಿ ಹುಡುಕಿ. ಮುಂಭಾಗದಷ್ಟೇ ಹಿಂಭಾಗವನ್ನೂ ಓದಿ. ಅದು ಇಷ್ಟು ದಿನ ಯಾರ ಟ್ರಂಕಿನಲ್ಲಿತ್ತು ಎಂದು ಕೇಳಿ. ಕೇರಿಗೆ ತಗೊಂಡು ಹೋಗಿ ಚಾಪೆಯ ಮೇಲಿಡಿ. ನಿಮ್ಮ ವ್ಯಾಖ್ಯಾನ ಹೇಳಬೇಡಿ, ಸುಮ್ಮನೆ ಕೂರಿ. ಇಬ್ಬರು ಎರಡು ಮಾತು ಹೇಳಿದರೆ ಎರಡನ್ನೂ ಬರೆದುಕೊಳ್ಳಿ. ಆಮೇಲೆ ಶಾಲೆಯ ದಾಖಲಾತಿ ಪುಸ್ತಕ, ಇನಾಂ ಕಡತ, ಸರ್ವೆ ಕಾಗದಗಳ ಜೊತೆ ಇಟ್ಟು ನೋಡಿ. ಕಾಗದ ಹೇಳಿದ್ದೇ ನಿಜ, ಬಾಯಿಮಾತು ಸುಳ್ಳು ಎಂದು ಹೊರಡಬೇಡಿ. ಬಾಯಿಮಾತೆಲ್ಲ ನಿಜ ಎಂದೂ ಹೊರಡಬೇಡಿ.

ಕೊನೆಗೆ ಆದದ್ದು ಹೇಳಿ ಮುಗಿಸುತ್ತೇನೆ. ಸ್ಮರಣ ಸಂಚಿಕೆ ಮರುಮುದ್ರಣ ಆಗುತ್ತದೆ ಅಂತ ಕೇಳಿ, ಪೂರ್ತಿ ಫೋಟೋ ಹಾಕಿ, ಕುಳವಾಡಿಯ ಹೆಸರನ್ನೂ ಸೇರಿಸಿ ಅಂತ ಹೋಗಿ ಕೇಳಿದೆ. ‘ನೋಡಾಣ, ಪುಟದಲ್ಲಿ ಜಾಗ ಸಾಲಲ್ಲ’ ಅಂದರು. ನೋಡಾಣ ಎನ್ನುವ ಮಾತಿನ ಅರ್ಥ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಸಿಟ್ಟು ಬಂತು. ಅವರ ಪುಸ್ತಕವೇ ಬೇಡ, ದೊಡ್ಡಯ್ಯನನ್ನು ಮಾತ್ರ ಕತ್ತರಿಸಿ ತೆಗೆದು, ದೊಡ್ಡದು ಮಾಡಿಸಿ, ಕೇರಿಯ ಅಂಬೇಡ್ಕರ್ ಭವನದಲ್ಲಿ ಹಾಕೋಣ ಎಂದು ಹುಡುಗರೆಲ್ಲ ಮಾತಾಡಿಕೊಂಡೆವು. ಅಜ್ಜಿಗೆ ಹೇಳಿದಾಗ ತಲೆ ಅಲ್ಲಾಡಿಸಿದಳು.

‘ಅವ್ನೊಬ್ಬನ್ನೇ ಕತ್ತರಿಸಬ್ಯಾಡ ಮಗ. ಅವ್ರು ಕತ್ತರ್ಸಿದ್ರು, ನೀನೂ ಕತ್ತರ್ಸೀಯ? ಎಲ್ರೂ ಇರ್ಲಿ, ಕುರ್ಚಿನೂ ಇರ್ಲಿ. ಎಲ್ಲಿ ನಿಲ್ಸಿದ್ರು ಅಂತ ಹುಟ್ಟೋ ಮಕ್ಳಿಗೆ ಗೊತ್ತಾಗ್ಬ್ಯಾಡ್ವಾ?’

ಫೋಟೋವನ್ನು ಪೂರ್ತಿಯಾಗಿಯೇ ದೊಡ್ಡದು ಮಾಡಿಸಿದ್ದೇವೆ. ಕೆಳಗೆ ಹೆಸರುಗಳನ್ನು ಬಲದಿಂದ ಎಡಕ್ಕೆ ಬರೆದಿದ್ದೇವೆ. ಮೊದಲ ಹೆಸರು ದೊಡ್ಡಯ್ಯನದು. ಮಂಕರಿ ಹೊತ್ತ ಆ ಇಬ್ಬರು ಹೆಂಗಸರ ಹೆಸರು ಇನ್ನೂ ಸಿಕ್ಕಿಲ್ಲ. ಅವರಿಗೆ ಎರಡು ಸಾಲು ಖಾಲಿ ಬಿಟ್ಟಿದ್ದೇವೆ.